ವೇಟಿಂಗ್ ಲಿಸ್ಟಿನ ಪೂರ್ವಕಥೆ

ಯಾವುದೇ ಹಳೆಯ ವೈದ್ಯಕೀಯ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದರೆ, ಅಲ್ಲಿ ಪ್ರವೇಶ ಪಡೆದವರ ಹೆಸರು, ತಂದೆಯ ಹೆಸರು, ಸೇರಿದ ದಿನಾಂಕ, ತೇರ್ಗಡೆಯಾದ ವರ್ಷ ಇವೆಲ್ಲವನ್ನೂ ದುಂಡಾದ ಅಕ್ಷರಗಳಲ್ಲಿ ಬರೆದಿಟ್ಟ ದಪ್ಪನೆಯ ರಿಜಿಸ್ಟರುಗಳು ಬೀರುವಿನೊಳಗೆ ಸಾಲಾಗಿ ನಿಂತಿರುವುದನ್ನು ಗುಮಾಸ್ತರು ತೋರಿಸುವರು. ಆದರೆ ಅದೇ ವರ್ಷಗಳಲ್ಲಿ, ಅದೇ ಬಾಗಿಲಿನ ಎದುರು, ಒಳಗೆ ಹೋದವರಲ್ಲಿ ಒಬ್ಬನಾದರೂ ಹೊರಗೆ ಬಂದಾನೆಂಬ ಆಸೆಯಿಂದ ವಾರಗಟ್ಟಲೆ ತಿಂಗಳುಗಟ್ಟಲೆ ಕಾದು, ಕೊನೆಗೆ ಕೆಲವರು ಒಳಗೂ ಹಲವರು ಮನೆಗೂ ಹೋದರಷ್ಟೆ, ಅವರ ರಿಜಿಸ್ಟರೆಂಬುದು ಎಲ್ಲಿಯೂ ಇಲ್ಲ. ಕಾದವರು ಚರಿತ್ರೆಯೊಳಕ್ಕೆ ಬಂದದ್ದು ಒಂದೇ ದಾರಿಯಿಂದ: ಅವರಲ್ಲಿ ಧೈರ್ಯವೂ ವಕೀಲರ ಬಲವೂ ಇದ್ದ ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ, ಅರ್ಜಿದಾರರೆಂಬ ಹೆಸರಿನಿಂದ ಅವರು ಕಾನೂನಿನ ವರದಿಗಳಲ್ಲಿ ಸೇರಿಕೊಂಡರು. ಆದುದರಿಂದಲೇ ವೈದ್ಯಕೀಯ ಸೀಟಿಗಾಗಿ ಕಾಯುವ ಪದ್ಧತಿಯ ಇತಿಹಾಸವನ್ನು ಬರೆಯಹೊರಟವನು ಕಾಲೇಜಿನ ದಾಖಲೆಗಳಿಗಿಂತ ಹೆಚ್ಚಾಗಿ ತೀರ್ಪುಗಳನ್ನು ಓದಬೇಕಾಗುತ್ತದೆ.

ಈ ಕಾಲದ ವಿದ್ಯಾರ್ಥಿಯು ಕೈಯಲ್ಲಿರುವ ಮೊಬೈಲಿನಲ್ಲಿ ತನ್ನ ರ್‍ಯಾಂಕನ್ನು ನೋಡಿ, ಹಿಂದಿನ ವರ್ಷ ಸೀಟು ಯಾವ ಅಂಕಿಗೆ ನಿಂತಿತೆಂಬುದನ್ನು ಅದರ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ, ‘ಇನ್ನೂ ಮುನ್ನೂರು ಜನ ಮುಂದಿದ್ದಾರೆ’ ಎಂದು ನಿಟ್ಟುಸಿರಿಡುವನು. ಆ ನಿಟ್ಟುಸಿರು ಸಾಮಾನ್ಯವಾದುದಲ್ಲ. ಅವನ ಅಜ್ಜನ ಕಾಲದಲ್ಲಿ ಕಾದವನಿಗೆ ತನ್ನ ಮುಂದೆ ಮೂವರಿರುವರೋ ಮುನ್ನೂರು ಮಂದಿಯೋ ಎಂಬುದು ತಿಳಿಯುತ್ತಿರಲಿಲ್ಲ. ತಾನು ಸಾಲಿನಲ್ಲಿ ಇದ್ದೇನೆಯೋ ಇಲ್ಲವೋ ಎಂಬುದೂ ಅನೇಕ ವೇಳೆ ತಿಳಿಯುತ್ತಿರಲಿಲ್ಲ. ಕಾಯುವವನ ಕೈಗೆ ಒಂದು ಕ್ರಮಾಂಕ ಬಂದದ್ದು ಹೇಗೆಂಬುದೇ ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು.

ಏಕೀಕರಣಕ್ಕೆ ಮೊದಲು ಕನ್ನಡಿಗರು ಹೇಗೆ ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದರೋ, ವೈದ್ಯವಿದ್ಯೆಗಾಗಿ ಅವರು ಕಾಯುತ್ತಿದ್ದ ದಿಕ್ಕುಗಳೂ ಹಾಗೆಯೇ ಹಂಚಿಹೋಗಿದ್ದುವು. ಮಂಗಳೂರಿನ ಹುಡುಗನ ಕಣ್ಣು 1835ರಲ್ಲಿ ಆರಂಭವಾದ ಮದರಾಸಿನ ವೈದ್ಯಶಾಲೆಯ ಕಡೆಗೆ, ಧಾರವಾಡ ಬೆಳಗಾವಿಗಳವನದು 1845ರಷ್ಟು ಹಿಂದೆಯೇ ಸ್ಥಾಪಿತವಾದ ಮುಂಬಯಿಯ ಗ್ರಾಂಟ್ ಕಾಲೇಜಿನ ಕಡೆಗೆ, ಕಲಬುರ್ಗಿಯವನದು ನಿಜಾಮರ ಹೈದರಾಬಾದಿನ ಕಡೆಗೆ ತಿರುಗಿರುತ್ತಿದ್ದಿತು. ಮೈಸೂರು ಸಂಸ್ಥಾನದವರಿಗೆ ತಮ್ಮದೆಂಬ ಶಾಲೆಯೊಂದು ದೊರೆತದ್ದು ತಡವಾಗಿ: 1917ರಲ್ಲಿ ಬೆಂಗಳೂರಿನಲ್ಲಿ ತೆರೆದ ಮೆಡಿಕಲ್ ಸ್ಕೂಲು ಪದವಿಗಿಂತ ಕೆಳದರ್ಜೆಯ ಎಲ್.ಎಂ.ಪಿ. ವೈದ್ಯರನ್ನು ಸಿದ್ಧಪಡಿಸುತ್ತಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ 1924ರಲ್ಲಿ ಅದು ಕಾಲೇಜಿನ ಪದವಿಗೇರಿ, 1930ರಲ್ಲಿ ಮೈಸೂರು ನಗರಕ್ಕೆ ವರ್ಗವಾಯಿತು. ಅದಕ್ಕೆ ಮೊದಲು ಹೊರ ಪ್ರಾಂತಕ್ಕೆ ಹೋಗದೆ ಪದವೀಧರ ವೈದ್ಯನಾಗುವ ಮಾರ್ಗ ಸಂಸ್ಥಾನದವನಿಗೆ ಇರಲಿಲ್ಲ. ಹೊರ ಪ್ರಾಂತದಲ್ಲಿಯಾದರೋ ಅವನು ಪರಕೀಯನು.

ಇಲ್ಲಿ ‘ಸೀಟು’ ಎಂಬ ಮಾತನ್ನು ಕುರಿತು ಸ್ವಲ್ಪ ವಿಚಾರಿಸಬೇಕು. ನಮ್ಮ ಜನ ಇಂಗ್ಲಿಷಿನಿಂದ ಎರವಲು ಪಡೆದು ಎಂದೋ ಕನ್ನಡವಾಗಿಸಿಕೊಂಡ ಪದಗಳಲ್ಲಿ ಇದೂ ಒಂದು. ಬಸ್ಸಿನಲ್ಲಿ ಸೀಟು, ಸಿನಿಮಾದಲ್ಲಿ ಸೀಟು, ಮೆಡಿಕಲ್ಲಿನಲ್ಲಿಯೂ ಸೀಟು. ಆದರೆ ಬಸ್ಸಿನಲ್ಲಿ ಇನ್ನೊಬ್ಬನನ್ನು ಒತ್ತರಿಸಿ ಕೂರಿಸಬಹುದಾದಂತೆ ವೈದ್ಯಕೀಯ ಕಾಲೇಜಿನಲ್ಲಿ ಕೂರಿಸಲಾಗದು. ಬಿ.ಎ. ತರಗತಿಯೊಂದಕ್ಕೆ ಇಪ್ಪತ್ತು ಮಂದಿ ಹೆಚ್ಚಿಗೆ ಬಂದರೆ ಇನ್ನೆರಡು ಬೆಂಚುಗಳನ್ನು ಹಾಕಿ ಅಧ್ಯಾಪಕರು ಧ್ವನಿಯನ್ನು ಸ್ವಲ್ಪ ಏರಿಸಿದರೆ ಸಾಕು. ವೈದ್ಯಕೀಯದಲ್ಲಿ ಒಬ್ಬ ವಿದ್ಯಾರ್ಥಿ ಎಂದರೆ ಶವಚ್ಛೇದನದ ಮೇಜಿನ ಒಂದು ಪಾಲು, ಪ್ರಯೋಗಶಾಲೆಯ ಒಂದು ಸೂಕ್ಷ್ಮದರ್ಶಕ, ಆಸ್ಪತ್ರೆಯಲ್ಲಿ ರೋಗಿಗಳು ಮಲಗಿದ ಇಷ್ಟು ಹಾಸಿಗೆಗಳು, ಆ ಹಾಸಿಗೆಯ ಪಕ್ಕದಲ್ಲಿ ನಿಂತು ಕೈಹಿಡಿದು ತೋರಿಸುವ ಒಬ್ಬ ಗುರು. 1933ರ ಶಾಸನದಿಂದ ಹುಟ್ಟಿದ ಭಾರತೀಯ ವೈದ್ಯಕೀಯ ಪರಿಷತ್ತು ಈ ಮಟ್ಟವನ್ನು ಕಾಯಲು ತೊಡಗಿದ ಮೇಲೆ, ಒಂದು ಕಾಲೇಜು ಎಷ್ಟು ಮಂದಿಯನ್ನು ತೆಗೆದುಕೊಳ್ಳಬಹುದೆಂಬುದು ಪ್ರಿನ್ಸಿಪಾಲರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ದೇಶದ ಆರೋಗ್ಯ ವ್ಯವಸ್ಥೆಯನ್ನು ಕುರಿತು ವಿಚಾರಿಸಿದ ಭೋರ್ ಸಮಿತಿಯು 1946ರ ವರದಿಯಲ್ಲಿ ಒಂದೇ ದರ್ಜೆಯ ವೈದ್ಯನು ಸಾಕೆಂದು ಹೇಳಿದ್ದರಿಂದ ಎಲ್.ಎಂ.ಪಿ. ಶಾಲೆಗಳೆಂಬ ಪಕ್ಕದ ಬಾಗಿಲೂ ಮುಚ್ಚಿಕೊಂಡಿತು. ಒಂದೇ ಬಾಗಿಲು, ಎಣಿಸಿಟ್ಟ ಸೀಟು, ಹೆಚ್ಚುತ್ತಿರುವ ಜನ. ಕಾಯುವಿಕೆ ಹುಟ್ಟಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಸೀಟುಗಳು ಎಣಿಕೆಗೆ ಬಂದೊಡನೆ ಅವುಗಳನ್ನು ಹಂಚುವ ಪ್ರಶ್ನೆಯೂ ಬಂದಿತು. ಮೈಸೂರಿನಲ್ಲಿ 1918ರಲ್ಲಿ ನೇಮಕವಾದ, ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ದೊರೆಯಬೇಕಾದ ಸ್ಥಾನವನ್ನು ಕುರಿತು ವಿಚಾರ ಮಾಡಿ ವಿದ್ಯಾಭ್ಯಾಸದ ಸೌಲಭ್ಯಗಳ ಮಾತನ್ನೂ ಎತ್ತಿದುದು, ಮುಂದಿನ ಎಲ್ಲ ಚರ್ಚೆಗಳಿಗೂ ತಳಹದಿಯಾಯಿತು. ಮದರಾಸು ಪ್ರಾಂತದಲ್ಲಿ ಇದು ಇನ್ನೂ ಖಚಿತವಾದ ಅಂಕಗಣಿತದ ರೂಪವನ್ನು ತಾಳಿದ್ದಿತು. ದಕ್ಷಿಣ ಕನ್ನಡ ಜಿಲ್ಲೆ ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ ಇದು ನಮ್ಮ ಕಥೆಯೂ ಹೌದು. ಅಲ್ಲಿನ ‘ಕಮ್ಯುನಲ್ ಜಿ.ಓ.’ ಎಂದು ಹೆಸರಾದ ಆಜ್ಞೆಯ ಪ್ರಕಾರ ಪ್ರತಿ 14 ಸೀಟುಗಳಲ್ಲಿ 6 ಬ್ರಾಹ್ಮಣೇತರ ಹಿಂದೂಗಳಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಬ್ರಾಹ್ಮಣರಿಗೆ, 2 ಹರಿಜನರಿಗೆ, 1 ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ, 1 ಮುಸ್ಲಿಮರಿಗೆ ಹೋಗತಕ್ಕದ್ದು. ಈ ಆಜ್ಞೆಯ ಗುಣದೋಷಗಳನ್ನು ಇತರರು ಬೇಕಾದಷ್ಟು ವಿಚಾರಿಸಿರುವರು. ನನ್ನ ಕಣ್ಣನ್ನು ಸೆಳೆದುದು ಆ ಆಜ್ಞೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯ ಕಾಲದಲ್ಲಿ ಬೆಳಕಿಗೆ ಬಂದ ಇನ್ನೊಂದು ಸಣ್ಣ ಅಂಕಿ: ಪ್ರಾಂತದ ನಾಲ್ಕು ವೈದ್ಯಕೀಯ ಕಾಲೇಜುಗಳಲ್ಲಿ ಒಟ್ಟು ಇದ್ದ 330 ಸೀಟುಗಳಲ್ಲಿ 17 ಹೊರರಾಜ್ಯದವರಿಗೆ ಮೀಸಲಾಗಿದ್ದರೆ, 12 ಸೀಟುಗಳನ್ನು ಸರ್ಕಾರವು ತನ್ನ ವಿವೇಚನೆಯಂತೆ ಕೊಡುವುದಕ್ಕೆಂದು ಬೇರೆ ತೆಗೆದಿಟ್ಟಿದ್ದಿತು.

ಹನ್ನೆರಡು ದೊಡ್ಡ ಸಂಖ್ಯೆಯಲ್ಲ. ಆದರೆ ಕಾಯುವ ಮನಸ್ಸಿನ ಗಣಿತವೇ ಬೇರೆ. ಮುನ್ನೂರು ಸೀಟುಗಳು ಕೈತಪ್ಪಿದುವೆಂದು ತಿಳಿದ ಮೇಲೂ, ಯಾರೋ ಒಬ್ಬ ದೊಡ್ಡವರ ಮನಸ್ಸು ಕರಗಿದರೆ ದೊರೆಯಬಹುದಾದ ಹನ್ನೆರಡು ಸೀಟುಗಳು ಉಳಿದಿವೆಯೆಂದರೆ, ಸಾವಿರಾರು ಮನೆಗಳಲ್ಲಿ ಆಸೆಯ ದೀಪ ಆರದೆ ಉರಿಯುವುದು. ಈ ಆಸೆಯೇ ನಮ್ಮ ನಾಡಿನಲ್ಲಿ ‘ವಶೀಲಿ’ ಎಂಬ ಮಹಾಸಂಸ್ಥೆಯ ತಾಯಿ. ಆ ಕಾಲದ ಕಾಯುವಿಕೆ ಸುಮ್ಮನೆ ಕೂತು ಕಾಯುವುದಾಗಿರಲಿಲ್ಲ. ಅದೊಂದು ನಿರಂತರವಾದ ಓಡಾಟ. ಶ್ಯಾನುಭೋಗರಿಂದ ಅಮಲ್ದಾರರಿಗೆ, ಅವರಿಂದ ಅವರ ಷಡ್ಡಕರಿಗೆ, ಅವರಿಂದ ಮಂತ್ರಿಗಳ ಆಪ್ತರಿಗೆ ಶಿಫಾರಸು ಚೀಟಿಗಳು ಹೋಗುತ್ತಿದ್ದುವು. ಮುಂಜಾನೆಯೇ ಕೋಟು ಪೇಟಗಳನ್ನು ಧರಿಸಿದ ತಂದೆಯು ಮಗನನ್ನು ಹಿಂದಿಟ್ಟುಕೊಂಡು ಬಂಗಲೆಯ ಜಗಲಿಯಲ್ಲಿ ನಿಂತಿರುತ್ತಿದ್ದನು. ‘ನೋಡೋಣ’ ಎಂಬ ಒಂದು ಮಾತನ್ನು ಪಡೆದುಕೊಂಡು ಮನೆಗೆ ಬಂದು, ಆ ‘ನೋಡೋಣ’ದಲ್ಲಿ ಎಷ್ಟು ತೂಕವಿದ್ದಿತೆಂಬುದನ್ನು ಹೆಂಡತಿಯೊಡನೆ ರಾತ್ರಿಯೆಲ್ಲ ಚರ್ಚಿಸುತ್ತಿದ್ದನು. ತೂಕ ಇದ್ದಿತೋ ಇಲ್ಲವೋ ಎಂಬುದು ಕಾಲೇಜು ತೆರೆದ ಎಷ್ಟೋ ದಿನಗಳ ಮೇಲೆ, ಯಾರೂ ಬಾಯಿಬಿಟ್ಟು ಹೇಳದೆಯೇ, ತಾನಾಗಿ ತಿಳಿಯುತ್ತಿದ್ದಿತು.

1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಮದರಾಸಿನ ಆ ಆಜ್ಞೆಯನ್ನು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಅದೇ ವರ್ಷ ಪಾರ್ಲಿಮೆಂಟು ಸಂವಿಧಾನಕ್ಕೆ ತಂದ ಮೊದಲನೆಯ ತಿದ್ದುಪಡಿಯಿಂದ ಹಿಂದುಳಿದವರಿಗಾಗಿ ವಿಶೇಷ ವ್ಯವಸ್ಥೆ ಮಾಡುವ ಅಧಿಕಾರ ರಾಜ್ಯಗಳಿಗೆ ಮರಳಿ ದೊರೆಯಿತು. ಅಲ್ಲಿಂದ ಮುಂದೆ ನಮ್ಮ ಕಡೆ ಕಾಲೇಜುಗಳೂ ಹೆಚ್ಚತೊಡಗಿದುವು. ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಖಾಸಗಿ ಬಂಡವಾಳದಿಂದಲೇ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ತೆರೆದರು. ಬೆಂಗಳೂರಿನ ಕಾಲೇಜು 1955ರಲ್ಲಿಯೂ, ಹುಬ್ಬಳ್ಳಿಯದು 1957ರಲ್ಲಿಯೂ, ಬಳ್ಳಾರಿಯದು 1961ರಲ್ಲಿಯೂ ಬಂದುವು. 1963ರಲ್ಲಿ ಬೆಳಗಾವಿ, ಕಲಬುರ್ಗಿ, ಬೆಂಗಳೂರಿನ ಸೇಂಟ್ ಜಾನ್ಸ್, 1965ರಲ್ಲಿ ದಾವಣಗೆರೆ. ಸೀಟು ಹೆಚ್ಚಿದರೆ ಕಾಯುವವರು ಕಡಮೆಯಾಗಬೇಕೆಂಬುದು ತರ್ಕ. ನಡೆದದ್ದು ಅದಕ್ಕೆ ವಿರುದ್ಧ. ಹತ್ತಿರದ ಊರಿನಲ್ಲಿ ಕಾಲೇಜು ಕಂಡೊಡನೆ, ಅದುವರೆಗೆ ಆ ಯೋಚನೆಯನ್ನೇ ಮಾಡದಿದ್ದ ಮನೆಗಳಲ್ಲಿಯೂ ‘ನಮ್ಮ ಹುಡುಗ ಏಕೆ ಡಾಕ್ಟರಾಗಬಾರದು?’ ಎಂಬ ಪ್ರಶ್ನೆ ಹುಟ್ಟಿಕೊಂಡಿತು.

ಏಕೀಕೃತ ಮೈಸೂರು ರಾಜ್ಯದಲ್ಲಿ ಈ ಪ್ರಶ್ನೆ ಕುದಿದು ಉಕ್ಕಿದ ವರ್ಷ 1962. ಹಿಂದುಳಿದ ವರ್ಗಗಳನ್ನು ಕುರಿತು ವಿಚಾರಿಸಿದ ಡಾ. ನಾಗನಗೌಡ ಸಮಿತಿಯು ಅದರ ಹಿಂದಿನ ವರ್ಷ ವರದಿಯನ್ನು ಒಪ್ಪಿಸಿದ್ದಿತು. ಅದನ್ನು ಅನುಸರಿಸಿ ಸರ್ಕಾರವು ಜುಲೈ 31ರಂದು ಹೊರಡಿಸಿದ ಆಜ್ಞೆಯು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇಕಡ 28, ಅತ್ಯಂತ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಹೀಗೆ ಒಟ್ಟು 68ರಷ್ಟನ್ನು ಮೀಸಲಾಗಿರಿಸಿತು. ಉಳಿದ 32ರ ಒಳಗೆ ಬರಲಾರದೆ ಹೊರಗುಳಿದ ವಿದ್ಯಾರ್ಥಿಗಳು ನೇರವಾಗಿ ದೆಹಲಿಯ ಕದವನ್ನೇ ತಟ್ಟಿದರು. ಸೆಪ್ಟೆಂಬರ್ 28ರಂದು, ಅಂದರೆ ಎರಡು ತಿಂಗಳು ತುಂಬುವುದರೊಳಗೆ, ಸುಪ್ರೀಂ ಕೋರ್ಟು ತೀರ್ಪನ್ನು ಕೊಟ್ಟಿತು. ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ಆ ತೀರ್ಪು, ಹಿಂದುಳಿದಿರುವಿಕೆಗೆ ಜಾತಿಯೊಂದನ್ನೇ ಅಳತೆಗೋಲಾಗಿಸುವುದು ಸರಿಯಲ್ಲವೆಂದೂ, ಮೀಸಲಾತಿ ಸ್ಥೂಲವಾಗಿ ಶೇಕಡ 50ಕ್ಕಿಂತ ಕೆಳಗಿರಬೇಕೆಂದೂ ಹೇಳಿತು. ಭಾರತದ ಸಾಮಾಜಿಕ ಇತಿಹಾಸದಲ್ಲಿ ಇಂದಿಗೂ ಚರ್ಚೆಗೆ ಬರುವ ಈ ‘ಬಾಲಾಜಿ ಪ್ರಕರಣ’ ಮೂಲತಃ ಮೈಸೂರು ರಾಜ್ಯದ ಕೆಲವು ವಿದ್ಯಾರ್ಥಿಗಳು ಸೀಟಿಗಾಗಿ ಕಾದ ಕಥೆಯೆಂಬುದನ್ನು ನಾವು ಮರೆತುಬಿಟ್ಟಿದ್ದೇವೆ.

ನನ್ನ ಚಿಕ್ಕಪ್ಪನೊಬ್ಬನು ಆ ವರ್ಷ ಕಾದವರಲ್ಲಿ ಸೇರಿದ್ದನು. ಅವನಿಗೆ ಮೊಕದ್ದಮೆಯ ಗೊಡವೆಯಿರಲಿಲ್ಲ, ಹಣವೂ ಇರಲಿಲ್ಲ, ಅವನಿಗಿದ್ದುದು ಪಿ.ಯು.ಸಿ.ಯಲ್ಲಿ ಬಂದ ಒಳ್ಳೆಯ ಅಂಕಗಳೂ ಅಂಚೆಯವನಲ್ಲಿ ಅಚಲವಾದ ನಂಬಿಕೆಯೂ ಮಾತ್ರ. ಊರಿಗೆ ಅಂಚೆ ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿನಲ್ಲಿ. ಅವನು ಊಟವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಆಲದ ಕಟ್ಟೆಯ ಮೇಲೆ ಕೂರುತ್ತಿದ್ದನಂತೆ. ಚೀಲ ಬಿಚ್ಚುವ ಮೊದಲೇ ಅಂಚೆಯವನು ‘ಇಲ್ಲ ಸ್ವಾಮಿ’ ಎನ್ನುತ್ತಿದ್ದನಂತೆ. ದಾರಿಯಲ್ಲಿ ಎದುರಾದವರೆಲ್ಲರೂ ‘ಏನಪ್ಪಾ, ಕಾರ್ಡು ಬಂತೇ?’ ಎಂದು ಕೇಳತೊಡಗಿದ ಮೇಲೆ ಅವನು ಊರ ಹಿಂದಿನ ಹೊಲದ ಬದುವಿನ ಮೇಲೆ ಸುತ್ತುಬಳಸಿ ಮನೆಗೆ ಬರುವುದನ್ನು ರೂಢಿಸಿಕೊಂಡನು. ಅಜ್ಜಿ ನಂಜನಗೂಡಿಗೆ ಹರಕೆ ಹೊತ್ತಳು. ಸೆಪ್ಟೆಂಬರು ಕಳೆಯಿತು, ದಸರೆಯೂ ಕಳೆಯಿತು, ಕಾರ್ಡು ಬರಲಿಲ್ಲ. ಸೀಟು ಇಲ್ಲವೆಂದು ತಿಳಿಸುವ ಕಾರ್ಡನ್ನು ಕಳುಹಿಸುವ ಪದ್ಧತಿ ಆ ಕಚೇರಿಗೆ ಇರಲಿಲ್ಲವೆಂಬುದು ಅವನಿಗೆ ಗೊತ್ತಾದದ್ದು ಮರುವರ್ಷ. ಅವನು ಬಿ.ಎಸ್‌ಸಿ. ಓದಿ ಮೂವತ್ತು ವರ್ಷಕಾಲ ಹೈಸ್ಕೂಲಿನಲ್ಲಿ ಜೀವಶಾಸ್ತ್ರವನ್ನು ಕಲಿಸಿದನು. ಕಪ್ಪೆಯನ್ನು ಕೊಯ್ದು ತೋರಿಸುವುದರಲ್ಲಿ ಅವನ ಕೈಚಳಕವನ್ನು ಕಂಡವರು ‘ಮೇಷ್ಟ್ರು ಡಾಕ್ಟರಾಗಬೇಕಿತ್ತು’ ಎನ್ನುತ್ತಿದ್ದರು. ಆ ಮಾತನ್ನು ಅವನು ಹೊಗಳಿಕೆಯೆಂದು ಎಂದೂ ಎಣಿಸಲಿಲ್ಲ.

ಬಾಲಾಜಿ ತೀರ್ಪಿನ ಮರುವರ್ಷ ಸರ್ಕಾರವು ಆದಾಯವನ್ನೂ ವೃತ್ತಿಯನ್ನೂ ಆಧಾರವಾಗಿಸಿಕೊಂಡ ಹೊಸ ಕ್ರಮವನ್ನು ತಂದಿತು. ಅದರೊಡನೆ ಸಂದರ್ಶನವೂ ಬಂದಿತು. ಐಚ್ಛಿಕ ವಿಷಯಗಳ ಒಟ್ಟು ಅಂಕಗಳ ಶೇಕಡ 25ಕ್ಕೆ ಸಮನಾದ ಅಂಕಗಳು ಇಂಟರ್‌ವ್ಯೂವಿಗೆ ಮೀಸಲು: ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸದ ಹಿರಿಮೆ, ಎನ್.ಸಿ.ಸಿ., ಆಟ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವುಗಳನ್ನೆಲ್ಲ ಆಯ್ಕೆ ಸಮಿತಿಯು ತೂಗಿನೋಡತಕ್ಕದ್ದು. ಇದನ್ನು ಪ್ರಶ್ನಿಸಿದವರೂ ದೆಹಲಿಗೆ ಹೋದರು. ಸಂದರ್ಶನ ನಡೆಸುವ ಅಧಿಕಾರವನ್ನು ಸುಪ್ರೀಂ ಕೋರ್ಟು 1964ರ ಜನವರಿಯಲ್ಲಿ ಎತ್ತಿಹಿಡಿಯಿತು. ನಾಟಕದಲ್ಲಿ ಪಾತ್ರ ವಹಿಸಿದ್ದ ಹುಡುಗನು ಒಳ್ಳೆಯ ವೈದ್ಯನಾಗುವನೆಂಬ ಊಹೆಯಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆನು; ರೋಗಿಯ ಎದುರು ಮುಖವನ್ನು ಹದವಾಗಿ ಇಟ್ಟುಕೊಳ್ಳುವ ಕಲೆಯನ್ನು ಬಲ್ಲವರೇ ಬಲ್ಲರು. ಆದರೆ ಪರೀಕ್ಷೆಯಲ್ಲಿ ಮೂರು ವಿಷಯಗಳನ್ನು ವರ್ಷವೆಲ್ಲ ಓದಿ ಗಳಿಸಿದ ಮುನ್ನಡೆಯು ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಕರಗಿಹೋಗಬಹುದಾದರೆ, ಕಾಯುವವನಿಗೆ ತಾನು ಎಲ್ಲಿ ನಿಂತಿರುವೆನೆಂಬುದು ತಿಳಿಯುವುದಾದರೂ ಹೇಗೆ? ಬೇರೊಂದು ರಾಜ್ಯದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಮೌಖಿಕ ಸಂದರ್ಶನದ ಅಂಕ ಶೇಕಡ 15ನ್ನು ಮೀರಬಾರದೆಂದು ಹೇಳಿದ್ದು 1980ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಾದು ಮುಗಿದಿದ್ದಿತು.

ಈ ನಡುವೆ ಕಾಯುವಿಕೆಗೂ ಒಂದು ಆಚಾರಸಂಹಿತೆ ಬೆಳೆದುಬಂದಿತು. ಅದನ್ನು ಬರೆದಿಟ್ಟವರಿಲ್ಲ, ಪಾಲಿಸದವರೂ ಇಲ್ಲ. ಅದರ ಮೊದಲನೆಯ ವಿಧಿ, ಬರಿಗೈಯಲ್ಲಿ ಕಾಯಬಾರದೆಂಬುದು: ಹುಡುಗನು ಜೂನಿನಲ್ಲಿಯೇ ಬಿ.ಎಸ್‌ಸಿ.ಗೋ, ಹೆಬ್ಬಾಳದ ಕೃಷಿ ಪದವಿಗೋ, ದಂತವೈದ್ಯಕ್ಕೋ ಸೇರಿಕೊಂಡು, ಮನಸ್ಸನ್ನು ಬೇರೆಡೆ ಇಟ್ಟು, ದೇಹವನ್ನು ಆ ತರಗತಿಯಲ್ಲಿ ಕೂರಿಸುತ್ತಿದ್ದನು. ಸೆಪ್ಟೆಂಬರಿನ ಹೊತ್ತಿಗೆ ಬಿ.ಎಸ್‌ಸಿ. ಮೊದಲ ವರ್ಷದ ಬೆಂಚುಗಳು ಇದ್ದಕ್ಕಿದ್ದಂತೆ ಬರಿದಾಗುತ್ತಿದ್ದುದನ್ನು ಹಳೆಯ ಅಧ್ಯಾಪಕರು ಇಂದಿಗೂ ನೆನೆಯುವರು. ‘ಮೆಡಿಕಲ್ ಲಿಸ್ಟು ಬಂದಿತೆಂದು ಕಾಣುತ್ತದೆ’ ಎಂದು ಅವರು ಹಾಜರಿ ಪುಸ್ತಕವನ್ನು ಮಡಿಸುತ್ತಿದ್ದರಂತೆ. ಎರಡನೆಯ ವಿಧಿ, ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಬಾರದು. ಮೂರನೆಯದು ಮೂಲ ಸರ್ಟಿಫಿಕೇಟುಗಳನ್ನು ಯಾವ ಕಾಲೇಜಿಗೂ ಬಿಟ್ಟುಕೊಡಬಾರದೆಂಬುದು. ಆದರೆ ಬಿ.ಎಸ್‌ಸಿ. ಕಾಲೇಜು ಅವನ್ನು ಇಟ್ಟುಕೊಂಡೇ ಸೇರಿಸುತ್ತಿದ್ದುದರಿಂದ, ಸೀಟಿನ ಕರೆ ಬಂದ ದಿನ ಟಿ.ಸಿ. ಬಿಡಿಸಿಕೊಳ್ಳಲು ನಡೆಯುತ್ತಿದ್ದ ಓಟವೇ ಒಂದು ಪ್ರತ್ಯೇಕ ಪುರಾಣ.

ಮೈಸೂರು, ಕರ್ನಾಟಕ, ಬೆಂಗಳೂರು ಎಂಬ ಮೂರು ವಿಶ್ವವಿದ್ಯಾನಿಲಯಗಳ ಕಾಲೇಜುಗಳಲ್ಲಿ ಆಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೇ ಮೊದಲ ಮನ್ನಣೆಯೆಂಬ ನಿಯಮವನ್ನು ಸುಪ್ರೀಂ ಕೋರ್ಟು 1971ರಲ್ಲಿ ಒಪ್ಪಿದ್ದರಿಂದ, ಸಾಲು ಒಂದಾಗದೆ ಮೂರಾಗಿಯೇ ಉಳಿಯಿತು. ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಖಾಸಗಿ ಕಾಲೇಜುಗಳು ಬೆಳೆದಂತೆ, ‘ಡೊನೇಷನ್’ ಎಂಬ ದಾನವಲ್ಲದ ದಾನದ ಹೆಸರಿನಲ್ಲಿ, ಕಾಯದೆ ಒಳಹೋಗುವ ಮಾರ್ಗವೂ ತೆರೆಯಿತು. ಕಾಯುವವರಲ್ಲಿ ಇದರಿಂದ ಎರಡು ವರ್ಗವಾಯಿತು: ಕಾಯಲೇಬೇಕಾದವರು, ಮತ್ತು ಗದ್ದೆ ಮಾರಿದರೆ ಕಾಯಬೇಕಾಗಿಲ್ಲವೆಂದು ತಿಳಿದು ಗದ್ದೆಯನ್ನೂ ಮಗನನ್ನೂ ಸರದಿಯಂತೆ ನೋಡುತ್ತ ಕೂತ ತಂದೆಗಳು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನ ಕರ್ನಾಟಕದಲ್ಲಿ 1984ರಲ್ಲಿ ಬಂದಿತು. ಆದರೂ ಸರ್ಕಾರವೇ 1989ರ ಜೂನಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದವರಿಗೆ 25,000, ಹೊರಗಿನವರಿಗೆ 60,000 ಎಂಬ ಮೂರು ಬೆಲೆಗಳು ನಿಗದಿಯಾದುವು. ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ಮೀರತ್ತಿನ ಹುಡುಗಿಯೊಬ್ಬಳು ಈ 60,000ವನ್ನು ಪ್ರಶ್ನಿಸಿ ಗೆದ್ದುದು 1992ರ ಜುಲೈಯಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ಬಂದ ಉನ್ನಿಕೃಷ್ಣನ್ ತೀರ್ಪು, ಖಾಸಗಿ ವೃತ್ತಿ ಕಾಲೇಜುಗಳ ಅರ್ಧ ಸೀಟುಗಳು ಉಚಿತ, ಅರ್ಧ ಹಣದವು, ಎರಡನ್ನೂ ಅರ್ಹತೆಯ ಕ್ರಮದಲ್ಲಿಯೇ ತುಂಬಬೇಕೆಂದು ವಿಧಿಸಿತು.

ಆ ‘ಕ್ರಮ’ವೆಂಬ ಪದದಿಂದಲೇ ನಮ್ಮ ಸಿಇಟಿ ಹುಟ್ಟಿತೆನ್ನಬಹುದು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷಾ ಘಟಕ ಸ್ಥಾಪಿತವಾಗಿ, ಮಲ್ಲೇಶ್ವರದ ಸಂಪಿಗೆ ರಸ್ತೆಯ ಆ ಕಚೇರಿ ನಾಡಿನ ಮಧ್ಯಮವರ್ಗಕ್ಕೆ ಒಂದು ಯಾತ್ರಾಸ್ಥಳವಾಯಿತು. ವಶೀಲಿಯ ಜಗಲಿಯನ್ನು ಕಂಡ ಹಿರಿಯರಿಗೆ ಕೌನ್ಸೆಲಿಂಗಿನ ಸಭಾಂಗಣ ಒಂದು ಆಶ್ಚರ್ಯ. ಯಾವ ಕಾಲೇಜಿನಲ್ಲಿ ಯಾವ ವರ್ಗದಲ್ಲಿ ಎಷ್ಟು ಸೀಟು ಉಳಿದಿದೆಯೆಂಬುದು ಎಲ್ಲರ ಕಣ್ಣೆದುರಿಗೆ. ರ್‍ಯಾಂಕಿನ ಪ್ರಕಾರ ಕರೆ. ತಂದೆಯ ಅಂಗಿಯ ಕಿಸೆಯಲ್ಲಿ ಡಿ.ಡಿ., ತಾಯಿಯ ಮಡಿಲಲ್ಲಿ ಸರ್ಟಿಫಿಕೇಟಿನ ಫೈಲು. ಜಿ.ಎಂ., 2ಎ, 3ಬಿ, ಗ್ರಾಮೀಣದ ಆರ್, ಕನ್ನಡ ಮಾಧ್ಯಮದ ಕೆ ಎಂಬ ಸಂಕೇತಗಳನ್ನು ಹಳ್ಳಿಯ ರೈತನೂ ನಿರರ್ಗಳವಾಗಿ ನುಡಿಯತೊಡಗಿದನು. ಕಣ್ಣೆದುರಿಗೇ ಅಂಕಿ ಎರಡಾಗಿ, ಒಂದಾಗಿ, ಸೊನ್ನೆಯಾದುದನ್ನು ಕಂಡು ಅತ್ತ ಮಕ್ಕಳೂ ಅಲ್ಲಿದ್ದರು. ಆದರೆ ಯಾರಿಗೆ ಹೋಯಿತು, ಏಕೆ ಹೋಯಿತು ಎಂಬುದು ತಿಳಿದು ಅಳುವ ಅಳುವಿಗೂ, ಆಲದ ಕಟ್ಟೆಯ ಮೇಲೆ ಕೂತು ಕಾರ್ಡಿಗಾಗಿ ಕಾದ ಮೌನಕ್ಕೂ ಅಂತರ ಬಹಳ.

ಸಾಲು ಸರಿಯುವ ಬಗೆಯೂ ಆಗ ಜನಕ್ಕೆ ಅರ್ಥವಾಯಿತು. ಅಖಿಲ ಭಾರತ ಕೋಟಾ ಎಂಬುದು 1984ರ ತೀರ್ಪೊಂದರಿಂದ ಹುಟ್ಟಿ, 1986ರಲ್ಲಿ ಶೇಕಡ 15ಕ್ಕೆ ನಿಂತು, 1988ರಿಂದ ಅದಕ್ಕೆಂದೇ ಪರೀಕ್ಷೆ ನಡೆಯತೊಡಗಿದ ಮೇಲೆ, ಒಬ್ಬನೇ ಜಾಣನು ಎರಡು ಮೂರು ಪಟ್ಟಿಗಳಲ್ಲಿ ಮೇಲಿರುವುದು ಸಾಮಾನ್ಯವಾಯಿತು. ಅವನು ದೆಹಲಿಗೆ ಹೋದರೆ ಬೆಂಗಳೂರಿನ ಸೀಟು ಬೀಳುವುದು; ಅದಕ್ಕೆ ಮೈಸೂರಿನವನು ಏರುವನು; ಮೈಸೂರಿನದಕ್ಕೆ ಹುಬ್ಬಳ್ಳಿಯವಳು, ಹುಬ್ಬಳ್ಳಿಯದಕ್ಕೆ ಬಳ್ಳಾರಿಯವನು, ಬಳ್ಳಾರಿಯದಕ್ಕೆ ಅದುವರೆಗೆ ಎಲ್ಲಿಯೂ ಇಲ್ಲದಿದ್ದ ಒಬ್ಬನು. ಮೇಲೆ ಒಬ್ಬನು ಕದಲಿದರೆ ಕೆಳಗೆ ಹಲವು ಹಾಸ್ಟೆಲುಗಳಲ್ಲಿ ಹಾಸಿಗೆ ಸುತ್ತುವ ಸದ್ದು ಕೇಳಿಸುತ್ತಿದ್ದಿತು. ಎರಡು ಸುತ್ತು ಮುಗಿದ ಮೇಲೆ ಅಖಿಲ ಭಾರತ ಕೋಟಾದಲ್ಲಿ ತುಂಬದೆ ಉಳಿದ ಸೀಟುಗಳು ರಾಜ್ಯಕ್ಕೆ ವಾಪಸ್ಸಾಗುತ್ತಿದ್ದುವು. ಕೊನೆಯ ‘ಕ್ಯಾಶುಯಲ್ ರೌಂಡಿ’ಗೆ ಕಾದವರ ಪಾಲಿಗೆ ಇವು ಮಳೆಗಾಲದ ಕಡೆಯ ಹದಮಳೆಯಂತೆ. ಕಾಯುವಿಕೆಗೆ ಕೊನೆಯೆಂಬುದೊಂದು ಇರಬೇಕಷ್ಟೆ. 2005ರಲ್ಲಿ ಸುಪ್ರೀಂ ಕೋರ್ಟು ಸೆಪ್ಟೆಂಬರ್ 30ರ ಆಚೆಗೆ ಯಾವ ಪ್ರವೇಶವೂ ಕೂಡದೆಂಬ ಕಟ್ಟುಪಾಡನ್ನು ಬಿಗಿಗೊಳಿಸಿದಾಗ, ಆ ರಾತ್ರಿಯ ಹನ್ನೆರಡು ಗಂಟೆಗೆ ಒಂದು ಶ್ರಾದ್ಧದ ಗಾಂಭೀರ್ಯ ಬಂದಿತು.

ಅಮೆರಿಕದಲ್ಲಿ ನೆಲಸಿದ ನಮ್ಮವರ ಮಕ್ಕಳೂ ಕಾಯುವರು. ಆದರೆ ಅಲ್ಲಿನ ರೀತಿ ಬೇರೆ. ಅಬ್ರಹಾಂ ಫ್ಲೆಕ್ಸ್‌ನರ್ 1910ರಲ್ಲಿ ಅಲ್ಲಿನ ಮತ್ತು ಕೆನಡಾದ 155 ವೈದ್ಯಶಾಲೆಗಳನ್ನು ಕುರಿತು ಬರೆದ ಕಟುವಾದ ವರದಿಯ ತರುವಾಯ ಎಷ್ಟೋ ಶಾಲೆಗಳು ಮುಚ್ಚಿಹೋಗಿ ಸೀಟು ಅಲ್ಲಿಯೂ ವಿರಳವಾಯಿತು. ಪದವಿ ಮುಗಿಸಿದ ಮೇಲೆಯೇ ಅಲ್ಲಿ ವೈದ್ಯವಿದ್ಯೆಗೆ ಪ್ರವೇಶ. ಹಲವು ಶಾಲೆಗಳಿಂದ ಕರೆ ಬಂದವರು ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಆರಿಸಿಕೊಳ್ಳಬೇಕಾದುದರಿಂದ ಮೇ ತಿಂಗಳಲ್ಲಿ ಪಟ್ಟಿಗಳು ಕದಲುವುವು. ಹೆಚ್ಚಿನ ಶಾಲೆಗಳ ನಿರೀಕ್ಷಾಪಟ್ಟಿಗೆ ಬಹಿರಂಗವಾದ ಕ್ರಮಾಂಕವಿಲ್ಲ. ಕಾದಿರುವವನು ಸುಮ್ಮನಿರದೆ, ‘ನಿಮ್ಮಲ್ಲಿಯೇ ಓದಲು ನನಗೆ ಇಷ್ಟ, ಇತ್ತೀಚೆಗೆ ಇಂಥ ಕೆಲಸ ಮಾಡಿದ್ದೇನೆ’ ಎಂದು ಶಾಲೆಗೆ ಪತ್ರ ಬರೆಯುವುದು ಅಲ್ಲಿ ಸದಾಚಾರ. ಇದನ್ನು ಕೇಳಿದಾಗ ನನಗೆ ಬಂಗಲೆಯ ಜಗಲಿ ನೆನಪಾಗದಿರಲಿಲ್ಲ. ಅಲ್ಲಿ ಗುಣವೆನಿಸಿಕೊಳ್ಳುವ ಆ ಪತ್ರವನ್ನು ಇಲ್ಲಿ ಯಾರಾದರೂ ಪರೀಕ್ಷಾ ಪ್ರಾಧಿಕಾರಕ್ಕೆ ಬರೆದರೆ ಅದನ್ನು ಓದುವವರೇ ಇಲ್ಲ. ನಾವು ಪತ್ರಗಳನ್ನು ಓದುವ ಅಧಿಕಾರಿಗಳ ಕಾಲವನ್ನು ನೋಡಿ ದಣಿದು, ಓದದಿರುವ ಯಂತ್ರವನ್ನು ಬೇಡಿ ಪಡೆದವರು. ಆ ಬೇಡಿಕೆ ತಪ್ಪಾಗಿರಲಿಲ್ಲವೆಂದೇ ನನ್ನ ಮತ.

ಮುಂದಿನದು ಇತಿಹಾಸವೆನ್ನುವುದಕ್ಕಿಂತ ವರ್ತಮಾನ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಉನ್ನಿಕೃಷ್ಣನ್ ಯೋಜನೆಯನ್ನು ಕಿತ್ತುಹಾಕಿದರು. 2004ರಲ್ಲಿ ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಬಂದಿತು. 2013ರ ಮೇ 5ರಂದು ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆಯಾದ ನೀಟ್ ಮೊದಲ ಬಾರಿಗೆ ನಡೆದು, ಜುಲೈಯಲ್ಲಿ ರದ್ದಾಗಿ, 2016ರಲ್ಲಿ ಮತ್ತೆ ಎದ್ದುನಿಂತಿತು. ಈಗ ಕಾಯುವವನು ಸೀಟು ಹಂಚಿಕೆಯಾದ ಮೇಲೂ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಬೇಕು: ಒಂದೆಂದರೆ ಒಪ್ಪಿ ಸೇರುವುದು, ಎರಡೆಂದರೆ ಒಪ್ಪಿಟ್ಟುಕೊಂಡೇ ಇನ್ನೂ ಉತ್ತಮವಾದುದಕ್ಕೆ ಕಾಯುವುದು, ಮೂರೆಂದರೆ ಬಿಟ್ಟು ಕಾಯುವುದು, ನಾಲ್ಕೆಂದರೆ ಸಾಲಿನಿಂದಲೇ ಹೊರಡುವುದು. ಜೂನಿನಲ್ಲಿ ಬಿ.ಎಸ್‌ಸಿ.ಗೆ ಸೇರಿ ಮನಸ್ಸನ್ನು ಬೇರೆಡೆ ಇಟ್ಟ ಹಳೆಯ ಹುಡುಗನ ಸ್ಥಿತಿಯೇ ಎರಡನೆಯ ಆಯ್ಕೆಯ ಹೆಸರಿನಲ್ಲಿ ನಿಯಮವಾಗಿ ಕೂತಿದೆ. ಅಖಿಲ ಭಾರತ ಕೋಟಾದ ಉಳಿಕೆ ಸೀಟುಗಳು ರಾಜ್ಯಕ್ಕೆ ಮರಳುವ ಪದ್ಧತಿ ಮಾತ್ರ 2021–22ರ ಸಾಲಿನಿಂದ ನಿಂತುಹೋಯಿತು.

ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ, ಚಿಕ್ಕಪ್ಪನದೋ ಸೋದರತ್ತೆಯದೋ ಆಗಿರಬಹುದಾದ ಒಂದು ಇಂಟರ್‌ವ್ಯೂ ಕಾರ್ಡು, ಅರ್ಜಿ ತಲುಪಿದುದಕ್ಕೆ ಬಂದ ರಸೀತಿ, ದೊಡ್ಡವರೊಬ್ಬರು ಬರೆದುಕೊಟ್ಟು ಎಂದೂ ಉಪಯೋಗಕ್ಕೆ ಬಾರದೆ ಉಳಿದ ಶಿಫಾರಸು ಚೀಟಿ, ಅಥವಾ ಕೌನ್ಸೆಲಿಂಗಿನ ದಿನ ಕೊಟ್ಟ ಹಳದಿಯಾದ ಕಾಗದ ಸಿಕ್ಕಿದರೆ, ಅದನ್ನು ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ಊರಿನ ಹೆಸರನ್ನೂ ವರ್ಷವನ್ನೂ ಕಾದವರ ಹೆಸರನ್ನೂ ಬರೆದಿಡಿ. ಅವರ ರಿಜಿಸ್ಟರನ್ನು ಯಾವ ಕಾಲೇಜೂ ಇಟ್ಟಿಲ್ಲ.